ಮೇ ತಿಂಗಳ ಬಿಸಿಲಿನಲ್ಲಿ ಯೆಜ್ಡಿಯ ಮೇಲೆ ಗೋಕರ್ಣ

ಬಳ್ಳಾರಿಯಿಂದ ಗೋಕರ್ಣಕ್ಕೆ ಹೋಗಿ ಬರುವುದೆಂದರೆ ಹೆಚ್ಚುಕಡಿಮೆ 750 ಕಿಲೋಮೀಟರ್. ಕಳೆದ ಮೇ ತಿಂಗಳಲ್ಲಿ ನನ್ನ ಹಳೆಯ ಟೂ ಸ್ಟ್ರೋಕ್ ಬೈಕು ಯೆಜ್ಡಿ ರೋಡ್‌ಕಿಂಗ್ ಅಷ್ಟು ದೂರವನ್ನು ಒಮ್ಮೆಯೂ ಸೀಜ್ ಆಗದೆ, ಅಂದರೆ ಕಾದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳದೆ, ಟೆಂಪೋ ಹತ್ತದೆ ಮುಗಿಸಿತು. ಬುಲೆಟ್ ಇಟ್ಟುಕೊಂಡಿರುವ ನನ್ನ ಇಬ್ಬರು ಗೆಳೆಯರೂ ಕೌಲ್ ಬಜಾರಿನ ಮೇಸ್ತ್ರಿಯೂ ಇದು ಆಗದ ಮಾತು ಎಂದಿದ್ದರು. ಎರಡು ಸಲ ಅವರ ಮಾತೇ ನಿಜವಾಗಿದ್ದರಿಂದ ಮೂರನೆಯ ಸಲದ ಕಥೆಯನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅದಕ್ಕೂ ಐದಾರು ವರ್ಷ ಮೊದಲೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಾಲ ಮಾಡಿ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಮಳೆಗಾಲ ಬಂತೆಂದರೆ ಸಂಡೂರಿನ ಕುಮಾರಸ್ವಾಮಿ ಬೆಟ್ಟ, ಭತ್ತ ನಾಟಿಯ ದಿನಗಳಲ್ಲಿ ಕಂಪ್ಲಿ ಸೇತುವೆ ದಾಟಿ ಗಂಗಾವತಿ, ಆನೆಗೊಂದಿ: ನಾಲ್ವರು ಗೆಳೆಯರ ಮೂವತ್ತು ವರ್ಷದ ಭಾನುವಾರಗಳು ಹೀಗೆಯೇ ಕಳೆದಿವೆ. ಆದರೆ ಅವೆಲ್ಲ ನೂರು, ನೂರೈವತ್ತು ಕಿಲೋಮೀಟರಿನ ಓಡಾಟಗಳು. ಬೇಸಿಗೆಯಲ್ಲಿ ದೂರದ ಊರಿಗೆ ಹೊರಟಾಗ ಮಾತ್ರ ಯೆಜ್ಡಿಯನ್ನು ಮನೆಯಲ್ಲೇ ಬಿಟ್ಟು ಗೆಳೆಯನೊಬ್ಬನ ಬೆನ್ನ ಹಿಂದೆ ಕೂರಬೇಕಾಗುತ್ತಿತ್ತು, ಮತ್ತು ಆ ಸಂಕಟ ಸಣ್ಣದಲ್ಲ.

ಮೊದಲ ಪ್ರಯತ್ನಕ್ಕೆ ಹೊಸ ಪಿಸ್ಟನ್ ತಂದು ಬೋರಿಂಗ್ ಮಾಡಿಸಿದೆ. ರಿಂಗ್, ಪಿನ್, ಕೂಲಿ ಎಲ್ಲ ಸೇರಿ ಐದು ಸಾವಿರದ ಹತ್ತಿರ ಬಿತ್ತು. ಲೇತ್‌ನವನು ಟೈಟ್ ಇದ್ದಷ್ಟೂ ಬಾಳಿಕೆ ಬರುತ್ತದೆ ಎಂದು ಹೇಳಿದ್ದನ್ನು ನಾನು ತಲೆಯಾಡಿಸಿ ಒಪ್ಪಿಕೊಂಡೆ. ಬೀಡುಕಬ್ಬಿಣದ ಸಿಲಿಂಡರಿಗಿಂತ ಅಲ್ಯೂಮಿನಿಯಂ ಪಿಸ್ಟನ್ ಬೇಗ ಹಿಗ್ಗುತ್ತದೆ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಹೊಸ ಪಿಸ್ಟನ್ನಿನ ಮೋಹದಲ್ಲಿ ಮರೆತಿದ್ದೆ. ಬೆಳಿಗ್ಗೆ ಆರೂವರೆಗೆ ಹೊರಟು, ಹೊಸಪೇಟೆಯಲ್ಲಿ ಒಗ್ಗರಣೆ-ಮಿರ್ಚಿ ತಿಂದು, ಬುಲೆಟ್ಟುಗಳ ಸಮಕ್ಕೆ ಎಪ್ಪತ್ತರ ವೇಗದಲ್ಲಿ ಓಡಿಸಿಕೊಂಡು ಹೋದೆ. ಗದಗ ದಾಟಿ ಅಣ್ಣಿಗೇರಿ ಇನ್ನೇನು ಬಂತು ಎನ್ನುವಾಗ, ಸುಮಾರು ಹನ್ನೊಂದು ಗಂಟೆಗೆ, ಇಂಜಿನ್ನಿನ ದನಿ ಸ್ವಲ್ಪ ಸಣ್ಣದಾಯಿತು, ಮರುಕ್ಷಣವೇ ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ಚಿನ ಮೇಲೆ ಎರಡು ಬೆರಳು ಇದ್ದದ್ದರಿಂದ ಬೀಳಲಿಲ್ಲ. ಕಪ್ಪು ಹೊಲಗಳ ನಡುವೆ ನೆರಳೂ ಇಲ್ಲದ ಕಡೆ ಎರಡು ಗಂಟೆ ನಿಂತು, ಆರೂವರೆ ಸಾವಿರಕ್ಕೆ ಟೆಂಪೋ ಗೊತ್ತು ಮಾಡಿ ಊರಿಗೆ ಮರಳಿದೆ.

ಎರಡನೆಯ ಸಲ ಬೋರನ್ನು ಸಡಿಲ ಮಾಡಿಸಿದೆ, ಭಯಕ್ಕೆ ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನೂ ಹೆಚ್ಚಿಸಿದೆ. ಲೀಟರಿಗೆ 40 ಎಂಎಲ್ ಇದ್ದದ್ದನ್ನು 60ಕ್ಕೆ ಏರಿಸಿದೆ. ಎಣ್ಣೆ ಹೆಚ್ಚಾದರೆ ಅದೇ ಜೆಟ್‌ನಲ್ಲಿ (ಕಾರ್ಬುರೇಟರಿನೊಳಗೆ ಪೆಟ್ರೋಲು ಹಾಯುವ ಸಣ್ಣ ತೂತಿನಲ್ಲಿ) ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ, ಇಂಜಿನ್ನು ಇನ್ನಷ್ಟು ಕಾಯುತ್ತದೆ ಎಂಬ ಲೆಕ್ಕವನ್ನು ಮಾತ್ರ ಹಾಕಲಿಲ್ಲ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲು ಆ ತೆಳುವಿಗೆ ತನ್ನ ಪಾಲನ್ನೂ ಸೇರಿಸಿತು. ಅಷ್ಟಾದರೂ ಯಲ್ಲಾಪುರದವರೆಗೆ ತೊಂದರೆಯಿಲ್ಲದೆ ಹೋದೆವು. ಅರಬೈಲು ಘಟ್ಟ ಇಳಿಯುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗಾಡಿಯನ್ನು ಇಳಿಜಾರಿಗೆ ಬಿಟ್ಟೆ. ಪೆಟ್ರೋಲಿನ ಜೊತೆಗೇ ಎಣ್ಣೆ ಹೋಗುವ ಇಂಜಿನ್ನಿಗೆ ಪೆಟ್ರೋಲು ನಿಲ್ಲಿಸಿ ಚಕ್ರದಿಂದ ತಿರುಗಿಸಿದರೆ ಏನಾಗಬೇಕೋ ಅದೇ ಆಯಿತು. ನಾಲ್ಕನೆಯ ತಿರುವಿನಲ್ಲಿ ಮತ್ತೆ ಸೀಜ್! ಈ ಸಲ ಕನೆಕ್ಟಿಂಗ್ ರಾಡಿನ ಬೇರಿಂಗೂ ಹೋಯಿತು. ಎರಡು ಪ್ರಯತ್ನಗಳ ಒಟ್ಟು ಖರ್ಚು ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ. ಮನೆಯಲ್ಲಿ ಹೇಳಿದ್ದು ಇಪ್ಪತ್ತು.

ನಡುವೆ ಹರಳೆಣ್ಣೆಯನ್ನೂ ಪ್ರಯೋಗಿಸಿದ್ದೆ. ಹಿಂದೆ ರೇಸಿನವರು ಟೂ ಸ್ಟ್ರೋಕ್ ಗಾಡಿಗಳಿಗೆ ಅದನ್ನು ಬಳಸುತ್ತಿದ್ದರು, ನಮ್ಮ ಕಡೆ ಹರಳಿಗೆ ಬರವೂ ಇಲ್ಲ. ಟೂ ಸ್ಟ್ರೋಕಿಗೆಂದೇ ಇರುವ ಟೂಟಿ (2T) ಆಯಿಲಿನ ಜೊತೆ ಲೀಟರಿಗೆ ಹತ್ತು ಎಂಎಲ್ ಸೇರಿಸಿದಾಗ ಹೊಗೆಯ ವಾಸನೆಗೆ ಓಣಿಯ ಜನ ತಿರುಗಿ ನೋಡಿದ್ದೇನೋ ನಿಜ. ಆದರೆ ರಾತ್ರಿ ನಿಲ್ಲಿಸಿದರೆ ಬೆಳಗಾಗುವುದರೊಳಗೆ ಅದು ಟ್ಯಾಂಕಿನ ತಳಕ್ಕೆ ಇಳಿದಿರುತ್ತಿತ್ತು. ಮುನ್ನೂರು ಕಿಲೋಮೀಟರ್ ಆದ ಮೇಲೆ ಬಿಚ್ಚಿ ನೋಡಿದರೆ ರಿಂಗುಗಳು ಅಂಟಿನಲ್ಲಿ ಹುಗಿದಂತೆ ಕೂತಿದ್ದವು. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ ಬಿಡಿಸಿಕೊಂಡೆ.

ನಿಜವಾದ ಕಳ್ಳ ಸಿಕ್ಕಿದ್ದು ಆ ಚಳಿಗಾಲದಲ್ಲಿ. ಕಾದ ಇಂಜಿನ್ನು ಐಡ್ಲಿಂಗಿನಲ್ಲಿ ತಾನಾಗಿಯೇ ರೇಸ್ ಆಗುವುದನ್ನು ನಾನು ಬಹಳ ದಿನ ಕಾರ್ಬುರೇಟರಿನ ತಪ್ಪು ಎಂದುಕೊಂಡಿದ್ದೆ. ಕೊನೆಗೆ ಹಳೆಯ ಟ್ಯೂಬಿನ ತುಂಡುಗಳಿಂದ ಎರಡೂ ಸೈಲೆನ್ಸರ್ ಬಾಯಿಗಳನ್ನೂ ಕಾರ್ಬುರೇಟರಿನ ಬಾಯಿಯನ್ನೂ ಬಿಗಿಯಾಗಿ ಮುಚ್ಚಿ, ಪ್ಲಗ್ಗಿನ ತೂತಿಗೆ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ, ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿದೆ. ಎಲ್ಲ ಸಂದುಗಳಿಗೂ ಸಾಬೂನಿನ ನೀರು ಬಳಿದು ಟಾರ್ಚ್ ಬಿಟ್ಟು ಕಾಯುತ್ತ ಕೂತೆ. ಹೆಡ್ಡಿನಲ್ಲಿ ಏನೂ ಇಲ್ಲ, ಬ್ಲಾಕಿನ ಬುಡದಲ್ಲಿಯೂ ಏನೂ ಇಲ್ಲ. ಡೈನಮೋ ಬಿಚ್ಚಿ ಅದರ ಹಿಂದೆ ನೋಡಿದರೆ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಬಲಗಡೆಯ ಕ್ರ್ಯಾಂಕ್ ಸೀಲ್, ಕ್ರ್ಯಾಂಕಿನ ತುದಿಯಲ್ಲಿ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆ! ಎಡಗಡೆಯದು ಹೋದರೆ ಗೇರ್ ಆಯಿಲ್ ಎಳೆದು ಹೊಗೆ ಕಾರಿ ತಾನೇ ಚಾಡಿ ಹೇಳುತ್ತದೆ. ಬಲಗಡೆಯದು ಸದ್ದಿಲ್ಲದೆ ಗಾಳಿ ಕುಡಿದು ಇಂಜಿನ್ನನ್ನು ಸುಡುತ್ತದೆ. ನೂರೈವತ್ತು ರೂಪಾಯಿಯ ಸೀಲು ನನ್ನಿಂದ ನಲವತ್ತು ಸಾವಿರ ಖರ್ಚು ಮಾಡಿಸಿತ್ತು.

ಸೀಲುಗಳನ್ನು ಬದಲಿಸಿ, ಸೈಲೆನ್ಸರುಗಳ ಒಳಗಿನ ಕರಿಯನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಜೆಟ್ ದೊಡ್ಡದು ಮಾಡಿದೆ. ಜೆಟ್‌ನ ನಂಬರ್ ಕೇಳಬೇಡಿ, ಅದಕ್ಕಾಗಿ ಏಳೆಂಟು ಭಾನುವಾರ ಸಿರುಗುಪ್ಪದ ರಸ್ತೆಯಲ್ಲಿ ಅಲೆದಿದ್ದೇನೆ. ಎಣ್ಣೆಯ ಪ್ರಮಾಣ ನಲವತ್ತಕ್ಕೂ ಅರವತ್ತಕ್ಕೂ ನಡುವೆ ಇದೆ ಎಂದಷ್ಟೇ ಹೇಳುತ್ತೇನೆ. ಈಗ ಬಂಕಿನಲ್ಲಿ ಟೂಟಿ ಕೇಳಿದರೆ ಹುಡುಗರು ಮುಖ ಮುಖ ನೋಡುವುದರಿಂದ ಎಣ್ಣೆಯನ್ನು ಮನೆಯಿಂದಲೇ ಅಳೆದು ಬಾಟಲಿಗಳಲ್ಲಿ ಒಯ್ದೆ.

ಬೆಳಗಿನ ಜಾವ ಮೂರೂವರೆಗೆ ಹೊರಟೆವು. ಸಂಡೂರಿನ ಗೆಳೆಯ ಹೆಲ್ಮೆಟ್ ಹಾಕಿಕೊಳ್ಳುತ್ತ, "ಹಗ್ಗ ತಗಂಡಿಯೇನಲೇ?" ಎಂದು ಕೇಳಿದ. ತೆಗೆದುಕೊಂಡಿರಲಿಲ್ಲ. ಐವತ್ತೈದರ ಮೇಲೆ ಓಡಿಸಲಿಲ್ಲ, ನಲವತ್ತು-ಐವತ್ತು ಕಿಲೋಮೀಟರಿಗೊಮ್ಮೆ ಕಾಲು ಗಂಟೆ ನಿಲ್ಲಿಸಿದೆ. ಬೆಳಕು ಹರಿದ ಮೇಲೆ ಲಕ್ಕುಂಡಿಯ ಬಳಿ ಪ್ಲಗ್ ಬಿಚ್ಚಿದರೆ ಅದರ ತುದಿ ಉಂಡೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಮಿಶ್ರಣ ಸರಿಯಿದೆ ಎಂದರ್ಥ. ಎಂಟೂವರೆಗೆ ಹುಬ್ಬಳ್ಳಿ, ಹತ್ತೂವರೆಗೆ ಯಲ್ಲಾಪುರ; ಬಿಸಿಲು ಇಳಿಯುವವರೆಗೆ ಅಲ್ಲಿಯೇ ಮಲಗಿದೆವು. ಘಟ್ಟದಲ್ಲಿ ನಾನು ಮನಸ್ಸಿನಲ್ಲೇ ಹತ್ತು ಎಣಿಸಿ, ಕ್ಲಚ್ ಹಿಡಿದು, ಒಮ್ಮೆ ಆಕ್ಸಿಲರೇಟರ್ ಕೊಟ್ಟು ಬಿಡುತ್ತ ಇಳಿದೆ. ಹಿಂದೆ ಬರುತ್ತಿದ್ದವರಿಗೆ ಹೊಗೆ, ಗಲಾಟೆ, ಪಿಸ್ಟನ್ನಿಗೆ ಎಣ್ಣೆ. ಹೊತ್ತು ಮುಳುಗುವ ಮೊದಲೇ ಗೋಕರ್ಣ ಸೇರಿದೆವು. ಮೈಲೇಜ್ ಇಪ್ಪತ್ತೇಳರ ಆಸುಪಾಸು ಬಂದಿರಬೇಕು.

ಎರಡು ದಿನ ಬಿಟ್ಟು ಅದೇ ಕ್ರಮದಲ್ಲಿ ಮರಳುವಾಗ, ಕೊಪ್ಪಳ ದಾಟಿದ ಮೇಲೆ, ಸಂಜೆ ಏಳರ ಸುಮಾರಿಗೆ ಸಂಡೂರಿನವನ ಬುಲೆಟ್ಟಿನ ಮುಂದಿನ ಚಕ್ರಕ್ಕೆ ಮೊಳೆ ಚುಚ್ಚಿತು. ಚಕ್ರ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಅವನು ನನ್ನ ಹಿಂದೆ ಕೂತ, ಗಿಣಿಗೇರಿಯ ಪಂಕ್ಚರ್ ಅಂಗಡಿಯ ಕಡೆಗೆ ಹೊರಟೆವು. ಹಗ್ಗದ ಮಾತನ್ನು ನಾನು ಎತ್ತಲಿಲ್ಲ. ಸ್ವಲ್ಪ ದೂರ ಸುಮ್ಮನಿದ್ದು ಅವನೇ ಕಿವಿಯ ಬಳಿ ಬಗ್ಗಿ, "ಲೀಟರಿಗೆ ಎಷ್ಟು ಹಾಕ್ತೀಯಲೇ ಎಣ್ಣೆ?" ಎಂದು ಕೇಳಿದ.

"ನಲವತ್ತು" ಎಂದೆ.