ಹುಯೆಯಿಂದ ಹೊಯ್ ಆನ್‌ಗೆ: ಸುರಂಗ ಬಿಟ್ಟು ಘಟ್ಟ ಹತ್ತಿದ ದಾರಿ

ಮಧ್ಯ ವಿಯೆಟ್ನಾಂನಲ್ಲಿ ಪ್ರವಾಸ ಮಾಡುವವರು ಹುಯೆ ನೋಡಿದ ಮೇಲೆ ಹೊಯ್ ಆನ್‌ಗೆ ಹೋಗುವುದು ಬಹುತೇಕ ನಿಶ್ಚಿತ. ಒಂದು ನ್ಗುಯೆನ್ ಅರಸರ ರಾಜಧಾನಿ, ಇನ್ನೊಂದು ಹಳೆಯ ಬಂದರು ಪಟ್ಟಣ. ನಡುವೆ ಹೆಚ್ಚುಕಡಿಮೆ 130 ಕಿಲೋಮೀಟರ್. ಬಸ್ಸು ಹಿಡಿದರೆ ಹಾಯ್ ವಾನ್ ಘಟ್ಟದ ಸುರಂಗದಲ್ಲಿ ನುಗ್ಗಿ ನಾಲ್ಕು ಗಂಟೆಯೊಳಗೆ ತಲುಪಿಸುತ್ತದೆ. ರೈಲಿನಲ್ಲಾದರೆ ಡನಾಂಗ್‌ವರೆಗೆ ಹೋಗಿ, ಉಳಿದ 30 ಕಿಲೋಮೀಟರ್‌ಗೆ ಟ್ಯಾಕ್ಸಿ ಹಿಡಿಯಬೇಕು, ಏಕೆಂದರೆ ಹೊಯ್ ಆನ್‌ಗೆ ರೈಲು ನಿಲ್ದಾಣವಿಲ್ಲ. ನಾವು ಆರಿಸಿಕೊಂಡದ್ದು ಮೂರನೆಯ ದಾರಿ: ಮಾರ್ಗದರ್ಶಿ ಸಹಿತ ಕಾರು, ಘಟ್ಟದ ಮೇಲಿನ ಹಳೆಯ ರಸ್ತೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಇಡೀ ದಿನ. ಪ್ರವಾಸದ ಉಳಿದ ದಿನಗಳಲ್ಲಿ ಕಂಡದ್ದೆಲ್ಲ ಏಕೆ ಹಾಗಿದೆ ಎಂದು ನನಗೆ ತಿಳಿದದ್ದು ಈ ಒಂದು ದಿನದಲ್ಲಿ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬೈಕಿನಲ್ಲಿ ಹೋಗುವ ಆಸೆ ಇರುವವರಿಗೆ ಮೊದಲೇ ಒಂದು ಮಾತು. ನಮ್ಮ ಆರ್‌ಟಿಒ ಕಚೇರಿಯಲ್ಲಿ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದಕ್ಕೆ ಸೇರಿದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀಲಿಕೈ ಕೊಟ್ಟುಬಿಡುತ್ತಾರೆ ನಿಜ, ಆದರೆ ಅಪಘಾತವಾದರೆ ಪ್ರವಾಸ ವಿಮೆಯ ಹಣ ಕೈಗೆ ಸಿಗುವುದು ಕಷ್ಟ. ಬೈಕೇ ಬೇಕೆನ್ನುವವರು ಸ್ಥಳೀಯ ಸವಾರರ ಹಿಂದೆ ಕುಳಿತು ಹೋಗುವುದು ಕ್ಷೇಮ. ಅಂಥ ಏರ್ಪಾಟು ಹುಯೆಯಲ್ಲಿ ಧಾರಾಳವಾಗಿ ಸಿಗುತ್ತದೆ, ಪೆಟ್ಟಿಗೆಗಳನ್ನು ಪ್ರತ್ಯೇಕವಾಗಿ ಕಳುಹಿಸಿಕೊಡುತ್ತಾರೆ. ನಮ್ಮ ಜೊತೆ ಅತ್ತೆಯವರಿದ್ದುದರಿಂದ ಆ ಯೋಚನೆಯೇ ಬರಲಿಲ್ಲ.

ಕಾರು ಗೊತ್ತು ಮಾಡುವಾಗ ಒಂದು ವ್ಯತ್ಯಾಸವನ್ನು ಸರಿಯಾಗಿ ಅರಿತಿರಬೇಕು. ಇಂಗ್ಲಿಷ್ ಬಲ್ಲ ಚಾಲಕ ಬೇರೆ, ಮಾರ್ಗದರ್ಶಿ ಬೇರೆ. ವಿಯೆಟ್ನಾಂನಲ್ಲಿ ಮಾರ್ಗದರ್ಶಿಗಳಿಗೆ ಸರಕಾರಿ ಪರವಾನಗಿ ಬೇಕು, ಕೊರಳಲ್ಲಿ ಕಾರ್ಡ್ ಇರುತ್ತದೆ. ಚಾಲಕ ಎಷ್ಟೇ ಮಾತುಗಾರನಾಗಿದ್ದರೂ ವಸ್ತುಸಂಗ್ರಹಾಲಯದ ಬಾಗಿಲವರೆಗೆ ಬಿಟ್ಟು ಹೊರಗೆ ನಿಲ್ಲುತ್ತಾನೆ. ಕಾರು ಮತ್ತು ಚಾಲಕನಿಗೆ ನಾವು ಕೊಟ್ಟದ್ದು ಸುಮಾರು 18 ಲಕ್ಷ ಡಾಂಗ್. ಕೇಳಿ ಗಾಬರಿಯಾಗಬೇಡಿ, ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಯ ಆಸುಪಾಸು. ಮಾರ್ಗದರ್ಶಿಗೆ ಬೇರೆ ಹಣ. ಖರ್ಚು ಹೆಚ್ಚೆಂದು ಮನೆಯಲ್ಲಿ ಸ್ವಲ್ಪ ಚರ್ಚೆಯಾಯಿತು, ಆದರೂ ನಾನು ಹಠ ಹಿಡಿದೆ. ನೋಟವನ್ನು ಯಾರ ಸಹಾಯವೂ ಇಲ್ಲದೆ ನೋಡಬಹುದು. ನೋಟದ ಹಿಂದಿನ ಕಥೆಗೆ ಹೇಳುವವರು ಬೇಕು.

ಮುಂಗಡವಾಗಿ ಬರೆದ ಸಂದೇಶದಲ್ಲಿ ನಾನು ನಾಲ್ಕು ವಿಷಯಗಳನ್ನು ಖಚಿತಪಡಿಸಿಕೊಂಡೆ. ಕಾರು ಸುರಂಗದಲ್ಲಿ ಹೋಗದೆ ಘಟ್ಟದ ಮೇಲೆಯೇ ಹೋಗಬೇಕು. ನಿಲ್ಲುವ ಜಾಗಗಳನ್ನು ನಾವು ಹೇಳುತ್ತೇವೆ. ಡನಾಂಗ್‌ನಲ್ಲಿ ಚಾಮ್ ಶಿಲ್ಪಗಳ, ಅಂದರೆ ಹಿಂದೆ ಈ ಕರಾವಳಿಯನ್ನು ಆಳಿದ ಚಂಪಾ ರಾಜ್ಯದ ಜನರ ಶಿಲ್ಪಗಳ, ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಬಿಡಬೇಕು. ಊಟ ಸಂಪೂರ್ಣ ಸಸ್ಯಾಹಾರ, ಮೀನಿನ ಸಾರವೂ ಕೂಡದು. ಸಿದ್ಧ ಕಾರ್ಯಕ್ರಮಗಳಲ್ಲಿ ಆನೆ ಝರಿ ಎಂಬ ಸ್ನಾನದ ತಾಣ ಸಾಮಾನ್ಯವಾಗಿ ಇರುತ್ತದೆ. ಹಳ್ಳದ ನೀರು, ಆನೆಯಾಕಾರದ ಬಂಡೆ, ಈಜಾಡುವ ಮಕ್ಕಳು. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಮಿಂದು ಬೆಳೆದವರಿಗೆ ಅದು ಅಷ್ಟು ದೊಡ್ಡ ಸಂಗತಿಯಲ್ಲ ಎಂದು ಅದನ್ನು ಕೈಬಿಟ್ಟು, ಆ ಸಮಯವನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸಿದೆ.

ಕಾಲದ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಈ ಕರಾವಳಿಗೆ ದೊಡ್ಡ ಮಳೆ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ನಮ್ಮ ದಸರಾ ರಜೆ, ದೀಪಾವಳಿ ರಜೆ ಎರಡೂ ಆ ಮಳೆಗಾಲದಲ್ಲೇ ಬೀಳುತ್ತವೆ. ಆಗ ಹುಯೆಯಲ್ಲೂ ಹೊಯ್ ಆನ್‌ನಲ್ಲೂ ಬೀದಿಗಳಲ್ಲಿ ನೆರೆ ನೀರು ನಿಲ್ಲುವುದು ಅಪರೂಪವಲ್ಲ, ಘಟ್ಟದಲ್ಲಿ ಮಂಜು ಬಿಟ್ಟರೆ ಏನೂ ಕಾಣುವುದಿಲ್ಲ. ನಾವು ಹೋದದ್ದು ಮಾರ್ಚ್‌ನಲ್ಲಿ. ಬೆಳಿಗ್ಗೆ ಎಂಟಕ್ಕೆ ಹೊರಟೆವು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಚಾಲಕ ಎಡಕ್ಕೆ ಕೂರುತ್ತಾನೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಕ್ಕಿರುವುದರಿಂದ ಚಾಲಕನ ಹಿಂದಿನ ಸೀಟೇ ಉತ್ತಮ. ಅದನ್ನು ಅತ್ತೆಯವರಿಗೆ ಬಿಟ್ಟುಕೊಟ್ಟೆವು.

ಹುಯೆ ದಾಟಿದ ಮೇಲೆ ಮೊದಲ ಒಂದು ಗಂಟೆ ರಾಷ್ಟ್ರೀಯ ಹೆದ್ದಾರಿ ಒಂದರ ಸಾಮಾನ್ಯ ಪ್ರಯಾಣ. ಭತ್ತದ ಗದ್ದೆಗಳು, ಗದ್ದೆಯ ನಡುವೆ ಸಮಾಧಿಗಳು, ಎಡಕ್ಕೆ ಆಗಾಗ ಇಣುಕುವ ಕಾವ್ ಹಾಯ್ ಹಿನ್ನೀರು, ಬಲಕ್ಕೆ ಬಾಕ್ ಮಾ ಬೆಟ್ಟಗಳು. ಎರಡು ಚಿಕ್ಕ ಸುರಂಗಗಳು ಬರುತ್ತವೆ, ಇವು ಹಾಯ್ ವಾನ್ ಅಲ್ಲ. ಈ ಹೊತ್ತನ್ನು ನಾನು ಪ್ರಶ್ನೆ ಕೇಳಲು ಬಳಸಿಕೊಂಡೆ. ಮಾರ್ಗದರ್ಶಿ ಹುಯೆಯ ಯುವತಿ. ನೆರೆಯ ವರ್ಷಗಳಲ್ಲಿ ಮನೆಯ ಸಾಮಾನುಗಳನ್ನು ಅಟ್ಟಕ್ಕೆ ಏರಿಸುವ ಬಗೆಯನ್ನು ಆಕೆ ವಿವರಿಸಿದ ರೀತಿ ಇನ್ನೂ ನೆನಪಿದೆ: ಮೊದಲು ಅಕ್ಕಿ, ಆಮೇಲೆ ಪೂರ್ವಿಕರ ಪೂಜಾಪೀಠದ ಸಾಮಾನು, ಕೊನೆಗೆ ಸ್ಕೂಟರ್.

ಲಾಂಗ್ ಕೋ ಬರುತ್ತಿದ್ದಂತೆ ನಮ್ಮ ಮೂವರ ಬಾಯಲ್ಲೂ ಒಟ್ಟಿಗೆ ಬಂದ ಹೆಸರು ಮರವಂತೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ನಿಶ್ಚಲ ನೀರು, ನಡುವೆ ಊರು. ವ್ಯತ್ಯಾಸವೆಂದರೆ ಇಲ್ಲಿ ಒಳಗಿರುವುದು ನದಿಯಲ್ಲ, ಲಾಪ್ ಆನ್ ಎಂಬ ಉಪ್ಪುನೀರಿನ ಹಿನ್ನೀರು, ಅದರ ಬೆನ್ನಿಗೇ ಬೆಟ್ಟ. ಕಾರು ನಿಲ್ಲಿಸಿ ದಂಡೆಗೆ ಇಳಿದೆವು. ನೀರಿನಲ್ಲಿ ಸಾಲುಸಾಲಾಗಿ ಕಂಬಗಳು, ಅವುಗಳಿಗೆ ಕಟ್ಟಿದ ಹಳೆಯ ಟೈರುಗಳು. ಇದು ಸಿಂಪಿ ಕೃಷಿ. ರಬ್ಬರಿನ ಮೇಲೆ ಸಿಂಪಿ ಮರಿಗಳು ಅಂಟಿ ಬೆಳೆಯುತ್ತವೆ. ಬೆಳೆದ ಮೇಲೆ ಟೈರನ್ನು ಎತ್ತಿ ತಂದು ಕೆತ್ತಿ ಬಿಡಿಸುತ್ತಾರೆ. ದಂಡೆಯಲ್ಲಿ ಕುಳಿತ ಹೆಂಗಸೊಬ್ಬರು ಒಂದು ಟೈರನ್ನು ತೊಡೆಗೆ ಆನಿಸಿಕೊಂಡು, ಮೊಂಡು ಕತ್ತಿಯಂಥ ಕಬ್ಬಿಣದಿಂದ ಹೊಡೆಯುತ್ತಿದ್ದರು. ಏಟು ಸಿಂಪಿಯ ಮೇಲಲ್ಲ, ಸಿಂಪಿ ಮತ್ತು ರಬ್ಬರಿನ ಸಂದಿಗೆ. ಚಿಪ್ಪು ಒಡೆಯದೆ ಕಳಚಿ ಬುಟ್ಟಿಗೆ ಬೀಳುತ್ತಿತ್ತು. ಕೈಗೆ ದಪ್ಪ ಗವಸು, ಆದರೂ ಬೆರಳ ತುದಿಗಳೆಲ್ಲ ಹರಿದಿದ್ದವು. ಸುತ್ತಲೂ ಚಿಪ್ಪಿನ ರಾಶಿ ಕಾಲಡಿ ಕರಕರ ಎನ್ನುತ್ತಿತ್ತು.

ಲಾಂಗ್ ಕೋ ದಾಟಿದೊಡನೆ ರಸ್ತೆ ಕವಲಾಗುತ್ತದೆ. ಬಸ್ಸು, ಲಾರಿಗಳೆಲ್ಲ ನೇರ ಸುರಂಗಕ್ಕೆ. 2005ರಲ್ಲಿ ತೆರೆದ ಈ ಸುರಂಗ ಆರು ಕಿಲೋಮೀಟರಿಗೂ ಉದ್ದ. ಅದು ಬಂದ ಮೇಲೆ ಘಟ್ಟದ ರಸ್ತೆಗೆ ಬಿಡುವು ಸಿಕ್ಕಿತು. ಈಗ ಮೇಲೆ ಹೋಗುವುದು ಹೆಚ್ಚಾಗಿ ಪ್ರವಾಸಿಗರು, ಬೈಕ್ ಸವಾರರು, ಮತ್ತು ಸುರಂಗದೊಳಗೆ ಪ್ರವೇಶವಿಲ್ಲದ ಇಂಧನದ ಟ್ಯಾಂಕರ್‌ಗಳು. ತಿರುವಿನಲ್ಲಿ ಟ್ಯಾಂಕರ್ ಎದುರಾದಾಗ ನಮ್ಮ ಚಾಲಕ ಹಾರ್ನ್ ಹಾಕಿ, ಪೂರ್ತಿ ನಿಂತು, ಅದನ್ನು ಹೋಗಲು ಬಿಟ್ಟು ಮುಂದೆ ಸಾಗುತ್ತಿದ್ದ. ಅಂಥ ಚಾಲಕ ಸಿಕ್ಕರೆ ದಾರಿಯ ಅರ್ಧ ಸುಖ ಸಿಕ್ಕಂತೆ. ಘಟ್ಟದ ಉದ್ದ ಸುಮಾರು 21 ಕಿಲೋಮೀಟರ್, ಎತ್ತರ 500 ಮೀಟರಿಗೆ ಸ್ವಲ್ಪ ಕಡಿಮೆ. ಅಂಕಿಯಲ್ಲಿ ದೊಡ್ಡದಲ್ಲ. ಆದರೆ ಇಲ್ಲಿ ಬೆಟ್ಟ ಎದ್ದಿರುವುದೇ ಕಡಲಿನಿಂದ. ಏರುತ್ತಾ ಹೋದಂತೆ ಲಾಂಗ್ ಕೋ ಕೊಲ್ಲಿ ಹಿಂದೆ ಉಳಿಯುತ್ತದೆ, ಹಾಗಾಗಿ ಈ ದಿಕ್ಕಿನಲ್ಲಿ ಹೋಗುವವರು ಮೊದಲ ದೊಡ್ಡ ತಿರುವುಗಳಲ್ಲೇ ಕಾರು ನಿಲ್ಲಿಸಿ ಹಿಂದಿರುಗಿ ನೋಡಬೇಕು. ಕೆಳಗೆ, ಕಾಡು ಮತ್ತು ಅಲೆಗಳ ನಡುವೆ, ಹನೋಯಿಯಿಂದ ಸೈಗಾನ್‌ಗೆ ಹೋಗುವ ರೈಲು ಹಳಿ ಸುತ್ತು ಹಾಕುತ್ತದೆ.

ನೆತ್ತಿಯಲ್ಲಿ ಹಾಯ್ ವಾನ್ ಕ್ವಾನ್ ಎಂಬ ಇಟ್ಟಿಗೆಯ ದ್ವಾರವಿದೆ. 1826ರಲ್ಲಿ ಮಿನ್ ಮಾಂಗ್ ಚಕ್ರವರ್ತಿ ಕಟ್ಟಿಸಿದ್ದು. ದೀರ್ಘ ಕಾಲ ಪಾಳುಬಿದ್ದಿದ್ದ ಇದನ್ನು ದುರಸ್ತಿ ಮಾಡಿ 2024ರ ಆಗಸ್ಟ್‌ನಲ್ಲಿ ಮತ್ತೆ ತೆರೆದರು. ಹುಯೆ ಕಡೆಯ ಮುಖದ ಮೇಲೆ ಘಟ್ಟದ ಹೆಸರಿದೆ, ದಕ್ಷಿಣದ ಮುಖದ ಮೇಲೆ ಆಕಾಶದಡಿಯ ಅತ್ಯಂತ ಭವ್ಯ ದ್ವಾರವೆಂಬ ಬಿರುದು. ಎರಡೂ ಚೀನೀ ಅಕ್ಷರಗಳಲ್ಲಿ. ಪಕ್ಕದಲ್ಲೇ ಫ್ರೆಂಚರ ಮತ್ತು ಅಮೆರಿಕನ್ನರ ಕಾಲದ ಕಾಂಕ್ರೀಟ್ ಕಾವಲುಗೂಡುಗಳು. ರಾಜಧಾನಿಗೆ ದಕ್ಷಿಣದಿಂದ ಬರುವವರು ಈ ಕಿರಿದಾದ ಜಾಗದಲ್ಲಿ ಹಾಯಲೇಬೇಕಿತ್ತು. ಆದ್ದರಿಂದ ಅಧಿಕಾರ ಯಾರ ಕೈಯಲ್ಲಿದ್ದರೂ ಇಲ್ಲೊಂದು ಕಾವಲು ಇಟ್ಟರು.

ಮಾರ್ಗದರ್ಶಿಗೆ ಕೊಟ್ಟ ಹಣಕ್ಕೆ ನನಗೆ ಪೂರ್ತಿ ಬೆಲೆ ಸಿಕ್ಕಿದ್ದು ಇಲ್ಲಿ. ದ್ವಾರದ ಮೆಟ್ಟಿಲ ಮೇಲೆ ನಿಲ್ಲಿಸಿ ಆಕೆ ಉತ್ತರ ದಕ್ಷಿಣಗಳನ್ನು ತೋರಿಸುತ್ತಾ ಹೇಳಿದ್ದು ಚಂಪಾ ರಾಜ್ಯದ ಕಥೆ. ಹಿಂದೆ ನಾವು ಬಂದ ದಾರಿಯೂ ಚಂಪಾದ ನೆಲವೇ. 1306ರಲ್ಲಿ ಚಂಪಾದ ಅರಸ ಮೂರನೆಯ ಜಯಸಿಂಹವರ್ಮ ಉತ್ತರದ ದಾಯ್ ವಿಯೆತ್ ರಾಜ್ಯದ ರಾಜಕುಮಾರಿ ಹುಯೆನ್ ಚಾನ್‌ಳನ್ನು ಮದುವೆಯಾದಾಗ, ಘಟ್ಟದ ಉತ್ತರದ ಎರಡು ಸೀಮೆಗಳನ್ನು ಬಿಟ್ಟುಕೊಟ್ಟ. ಅಲ್ಲಿಂದಾಚೆ ಈ ಏಣು ಗಡಿಯಾಯಿತು. 1471ರಲ್ಲಿ ವಿಯೆಟ್ನಾಮೀ ಸೇನೆ ದಕ್ಷಿಣಕ್ಕೆ ನುಗ್ಗಿ ಚಂಪಾದ ರಾಜಧಾನಿ ವಿಜಯವನ್ನು ಹಿಡಿಯಿತು. ಕೊನೆಗೆ ಉಳಿದಿದ್ದ ಪಾಂಡುರಂಗ ಎಂಬ ಚಾಮ್ ಸಂಸ್ಥಾನವನ್ನು 1832ರಲ್ಲಿ ಇಲ್ಲವಾಗಿಸಿದವನು ಈ ದ್ವಾರ ಕಟ್ಟಿಸಿದ ಮಿನ್ ಮಾಂಗ್‌ನೇ. ಇದೆಲ್ಲ ಪುಸ್ತಕದಲ್ಲಿ ಸಿಗುವ ವಿಷಯ. ಆದರೆ ಎರಡೂ ಕಡೆಯ ಇಳಿಜಾರು ಒಟ್ಟಿಗೆ ಕಾಣುವ ಜಾಗದಲ್ಲಿ ನಿಂತು ಕೇಳಿದರೆ ಮನಸ್ಸಿನಲ್ಲಿ ನೆಲೆಯೂರುತ್ತದೆ. ಹವೆಯೂ ಇಲ್ಲಿ ಬದಲಾಗುತ್ತದೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ತಣ್ಣನೆಯ ಗಾಳಿಗೆ ಈ ಬೆಟ್ಟ ಅಡ್ಡ. ನಾವು ಹುಯೆಯಲ್ಲಿ ಹೊದ್ದಿದ್ದ ಶಾಲುಗಳನ್ನು ಡನಾಂಗ್ ಕಡೆಯ ಇಳಿಜಾರಿನಲ್ಲೇ ತೆಗೆದಿಟ್ಟೆವು.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ನೆನಪಿಡಬೇಕಾದ ಪದ ‘ಚಾಯ್’. ಬೌದ್ಧರ ಸಸ್ಯಾಹಾರಕ್ಕೆ ಹೇಳುವ ಹೆಸರು. ಈ ಫಲಕವಿರುವ ಖಾನಾವಳಿಗಳಲ್ಲಿ ಮೀನಿನ ಸಾರ ಹಾಕುವುದಿಲ್ಲ, ಮೊಟ್ಟೆ ಇದೆಯೇ ಎಂದು ಮಾತ್ರ ಬೇರೆಯಾಗಿ ಕೇಳಿಕೊಳ್ಳಿ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿನ ಬಹಳ ಜನ ಮಾಂಸ ಬಿಡುತ್ತಾರೆ, ಆ ದಿನಗಳಲ್ಲಿ ಆಯ್ಕೆ ಇನ್ನೂ ಹೆಚ್ಚು. ಡನಾಂಗ್‌ನಲ್ಲಿ ಅನ್ನ, ತೋಫು, ಹಲಸಿನ ಗುಜ್ಜೆಯ ಪಲ್ಯ ಉಂಡೆವು. ಅತ್ತೆಯವರು ಎರಡನೆಯ ಸಲ ಬಡಿಸಿಕೊಂಡರು.

ಚಾಮ್ ವಸ್ತುಸಂಗ್ರಹಾಲಯ ಹಾನ್ ನದಿಯ ಹತ್ತಿರ, ಫ್ರೆಂಚರ ಕಾಲದ ಹಳದಿ ಕಟ್ಟಡ, 1919ರಲ್ಲಿ ತೆರೆದದ್ದು. ಬಹುಪಾಲು ಪ್ರವಾಸಿಗರು ಇದನ್ನು ಬಿಟ್ಟು ನೇರ ಹೊಯ್ ಆನ್‌ಗೆ ಓಡುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಕನ್ನಡಿಗರಂತೂ ಬಿಡಬಾರದು. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಭದ್ರವರ್ಮನೆಂಬ ಅರಸ ಮಿ ಸನ್ ಕಣಿವೆಯಲ್ಲಿ ಭದ್ರೇಶ್ವರನೆಂಬ ಶಿವನನ್ನು ಸ್ಥಾಪಿಸಿ, ಸಂಸ್ಕೃತದಲ್ಲಿ ಶಾಸನ ಬರೆಸಿದ. ಬನವಾಸಿಯಲ್ಲಿ ಕದಂಬರ ಮಯೂರವರ್ಮ ರಾಜ್ಯ ಕಟ್ಟಿದ ಶತಮಾನವೂ ಅದೇ. ಇಲ್ಲಿರುವ ನಿಂತ ಗಣಪತಿಯನ್ನು, ನರ್ತಿಸುವ ಶಿವನನ್ನು, ಲಿಂಗಗಳನ್ನು ನಮಗೆ ಯಾರೂ ಪರಿಚಯಿಸಬೇಕಿಲ್ಲ. ನಾನು ಹೆಚ್ಚು ಹೊತ್ತು ನಿಂತದ್ದು ಮಿ ಸನ್‌ನ ಏಳನೆಯ ಶತಮಾನದ ಒಂದು ಪೀಠದ ಎದುರು. ಮರಳುಗಲ್ಲಿನ ಪಟ್ಟಿಯ ಸುತ್ತ ತಪಸ್ವಿಗಳ ನಿತ್ಯಜೀವನ. ಒಬ್ಬ ಕೊಳಲೂದುತ್ತಾನೆ, ಒಬ್ಬ ಪಾಠ ಹೇಳುತ್ತಾನೆ, ಒಬ್ಬ ಮಲಗಿದವನ ಮೈ ಒತ್ತುತ್ತಾನೆ. ಚಾ ಕಿಯೂ ಪೀಠದ ನರ್ತಕಿಯರು ಹೆಚ್ಚು ಪ್ರಸಿದ್ಧರು, ನಿಜವಾಗಿ ಸುಂದರರೂ ಹೌದು. ಆದರೂ ನನ್ನ ಮನಸ್ಸು ಹೋದದ್ದು ಆಶ್ರಮದ ಈ ದಣಿವು, ಆರೈಕೆಗಳ ಕಡೆಗೆ. ಚಾಮ್ ಜನ ಈಗಲೂ ಇದ್ದಾರೆ, ದಕ್ಷಿಣದ ಫಾನ್ ರಾಂಗ್ ಸುತ್ತಮುತ್ತ ಅವರಲ್ಲಿ ಕೆಲವರು ಹಳೆಯ ಇಟ್ಟಿಗೆ ಗೋಪುರಗಳಲ್ಲಿ ಇಂದಿಗೂ ಪೂಜೆ ಮಾಡುತ್ತಾರೆ.

ಡನಾಂಗ್‌ನಿಂದ ಹೊಯ್ ಆನ್‌ಗೆ ಹೋಗುವ ದಾರಿಯಲ್ಲಿ ಸಿಗುವ ಅಮೃತಶಿಲೆಯ ಬೆಟ್ಟಗಳಲ್ಲಿ ಒಂದೇ ಗುಹೆ ನೋಡಿದೆವು, ಹುಯೆನ್ ಖೋಂಗ್. ಮೇಲಿನ ರಂಧ್ರಗಳಿಂದ ಬೆಳಕು ಬೀಳುವ ಆ ಗುಹೆಯೊಂದೇ ಸಾಕು. ಮೊಣಕಾಲು ನೋವಿರುವವರಿಗೆ ಲಿಫ್ಟ್ ಇದೆ, ಆದರೆ ಅದು ಅರ್ಧ ದಾರಿಗೆ ಮಾತ್ರ, ಮುಂದೆ ಮೆಟ್ಟಿಲು ಹತ್ತಲೇಬೇಕು. ಕೆಳಗಿನ ಶಿಲ್ಪದಂಗಡಿಗಳಿಗೆ ಹೋಗುವುದಿಲ್ಲವೆಂದು ಮೊದಲೇ ಹೇಳಿಟ್ಟಿದ್ದರಿಂದ ಯಾರೂ ಒತ್ತಾಯಿಸಲಿಲ್ಲ.

ಹೊಯ್ ಆನ್‌ಗೆ ಬಂದಾಗ ಸಂಜೆ ಐದು ದಾಟಿತ್ತು. ಹಳೆಯ ಪೇಟೆಯ ಒಳಗೆ ಕಾರು ಬಿಡುವುದಿಲ್ಲ, ಹಾಗಾಗಿ ವಸತಿಗೃಹ ಗೊತ್ತುಮಾಡುವಾಗ ಬಾಗಿಲವರೆಗೆ ಕಾರು ಬರುತ್ತದೆಯೇ ಎಂದು ಕೇಳಿಕೊಳ್ಳಿ. ಮಾರ್ಗದರ್ಶಿಗೂ ಚಾಲಕನಿಗೂ ಬೇರೆಬೇರೆಯಾಗಿ ಕಾಣಿಕೆ ಕೊಟ್ಟೆವು. ಅದೇ ಚಾಲಕನನ್ನು ಮರುದಿನ ನಸುಕಿಗೆ ಮಿ ಸನ್‌ಗೆ ಗೊತ್ತು ಮಾಡಿಕೊಂಡೆವು, ಅಲ್ಲಿಂದ ಸುಮಾರು 40 ಕಿಲೋಮೀಟರ್. ಭದ್ರೇಶ್ವರನ ಆ ಕಣಿವೆಯಲ್ಲಿ ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಕೆಲವು ಗುಡಿಗಳ ಜೀರ್ಣೋದ್ಧಾರ ಮಾಡಿದ್ದಾರೆ. ಆ ಕೆಲಸದ ನಡುವೆ 2020ರಲ್ಲಿ ಒಂಬತ್ತನೆಯ ಶತಮಾನದ ಏಕಶಿಲಾ ಲಿಂಗವೊಂದು ಸಿಕ್ಕಿತು. ವಸ್ತುಸಂಗ್ರಹಾಲಯ ನೋಡಿಕೊಂಡೇ ಅಲ್ಲಿಗೆ ಹೋಗಿ. ಮೂರ್ತಿಗಳು ಬಹುಪಾಲು ಡನಾಂಗ್‌ನಲ್ಲಿ, ಗೋಪುರಗಳು ಕಣಿವೆಯಲ್ಲಿ. ಮೊದಲು ಮೂರ್ತಿ ಕಂಡಿದ್ದರೆ ಖಾಲಿ ಗರ್ಭಗುಡಿಯಲ್ಲಿ ಯಾವುದು ಎಲ್ಲಿತ್ತೆಂದು ನೀವೇ ಗುರುತಿಸಬಹುದು.