ಮನೆ ಆಲ್ಬಮ್ಮಿನಲ್ಲಿ ಸಿಕ್ಕ ಸಿಟಿ ಸ್ಟೇಷನ್: ನನ್ನ ಅನುಭವ

ಹಳೆಯ ಬೆಂಗಳೂರು ಸಿಟಿ ರೈಲ್ವೆ ಸ್ಟೇಷನ್ನಿನ ಫೋಟೊ ಕೂಡಿಸುತ್ತೇನೆ ಅಂದಾಗ ನಮ್ಮ ಬಳಗದಲ್ಲೇ ಯಾರೂ ನಂಬಲಿಲ್ಲ. "ಆಗೆಲ್ಲ ಸ್ಟೇಷನ್ನಿನಲ್ಲಿ ಕ್ಯಾಮೆರಾ ತೆಗೆಯೋಕೂ ಪರ್ಮಿಷನ್ ಬೇಕಿತ್ತು, ನಿಮಗೆ ಫೋಟೊ ಎಲ್ಲಿಂದ ಸಿಗುತ್ತೆ?" ಅಂತ ಒಬ್ಬರು. ಸಿಕ್ಕರೂ ಅದು ಯಾವ ವರ್ಷದ್ದು ಅಂತ ಹೇಳೋಕಾಗಲ್ಲ, ವಯಸ್ಸಾದವರ ನೆನಪನ್ನು ನಂಬೋಕಾಗಲ್ಲ ಅಂತ ಇನ್ನೊಬ್ಬರು. ಈಗ ನನ್ನ ಹಾರ್ಡ್ ಡಿಸ್ಕಿನಲ್ಲಿ ಆರುನೂರರ ಆಸುಪಾಸು ಫೋಟೊಗಳಿವೆ. ಜಾಸ್ತಿ ಸಿಟಿ ಸ್ಟೇಷನ್ನಿನವು, ಆಮೇಲೆ ಕಂಟೋನ್ಮೆಂಟ್, ಯಶವಂತಪುರ, ಯಲಹಂಕ. ಅರ್ಧಕ್ಕಿಂತ ಜಾಸ್ತಿ ಫೋಟೊಗಳ ಕಾಲವನ್ನು ಎರಡು ಮೂರು ವರ್ಷದ ಅಂತರದಲ್ಲಿ ಹಿಡಿದಿದ್ದೇನೆ. ಒಂದಕ್ಕೂ ಕಾಸು ಕೊಟ್ಟು ಹಕ್ಕು ಕೊಂಡಿಲ್ಲ. ಇಷ್ಟನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊದಲು ಎಲ್ಲರೂ ಹೋಗುವ ದಾರಿಯಲ್ಲೇ ನಾನೂ ಹೋದೆ. ರೈಲು ಹುಚ್ಚಿನವರನ್ನು ಕೇಳಿದೆ. ಅವರ ಹತ್ತಿರ ಎಂಜಿನ್ನುಗಳಿದ್ದವು, ಸ್ಟೇಷನ್ ಇರಲಿಲ್ಲ. ವೈಪಿ ಅನ್ನುವ ಹಳೇ ಉಗಿ ಎಂಜಿನ್ನಿನ ಚಕ್ರದ ಹತ್ತಿರದ ಚಿತ್ರ ಬೇಕಾದಷ್ಟು ಸಿಗುತ್ತೆ. ಟಿಕೆಟ್ ಕೌಂಟರಿನ ಕಂಬಿ, ಕುಡಿಯುವ ನೀರಿನ ನಲ್ಲಿ, ಪ್ಲಾಟ್‌ಫಾರ್ಮಿನ ಬೆಂಚು, ಜಟಕಾ ನಿಲ್ಲುತ್ತಿದ್ದ ಜಾಗ ಯಾರ ಹತ್ತಿರವೂ ಇಲ್ಲ. ಅಪಾರ್ಟ್‌ಮೆಂಟುಗಳ ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿದೆ, ಒಂದು ಫೋನೂ ಬರಲಿಲ್ಲ. ಪರಿಚಯದವರ ಮನೆಗೆ ಹೋಗಿ "ಹಳೇ ಸ್ಟೇಷನ್ ಫೋಟೊ ಇದೆಯಾ?" ಅಂದರೆ ಎಲ್ಲರದ್ದೂ ಒಂದೇ ಉತ್ತರ, ಇಲ್ಲ.

ಪ್ರಶ್ನೆ ಬದಲಾಯಿಸಿದ ಮೇಲೆ ಬಾಗಿಲು ತೆರೆಯಿತು. ಚಾಮರಾಜಪೇಟೆಯ ಒಂದು ಮನೆಯಲ್ಲಿ "ಅಮ್ಮಾ, ಮದುವೆ ಆದಮೇಲೆ ಯಾವ ರೈಲಿನಲ್ಲಿ ಹೊರಟ್ರಿ?" ಅಂತ ಕೇಳಿದೆ. "ಅಯ್ಯೋ, ಮದ್ರಾಸಿಗೆ ಕಣಪ್ಪಾ, ನಮ್ಮಣ್ಣ ಫೋಟೊ ಬೇರೆ ತೆಗೆದಿದ್ದ" ಅಂತ ಎದ್ದು ಹೋಗಿ ಆಲ್ಬಮ್ ತಂದರು. ಅದೇ ಮನೆಯವರು ಹೋದ ತಿಂಗಳಷ್ಟೇ ನನಗೆ ಇಲ್ಲ ಅಂದಿದ್ದರು. ಜನ ಸ್ಟೇಷನ್ನಿನ ಫೋಟೊ ತೆಗೆದಿರಲಿಲ್ಲ. ಬೀಳ್ಕೊಡುಗೆಯ ಫೋಟೊ ತೆಗೆದಿದ್ದರು. ಮದುವೆಯಾದ ಮಗಳು ಗಂಡನ ಮನೆಗೆ ಹೊರಟಿದ್ದು, ಮಗ ಬೊಂಬಾಯಿಗೆ ಕೆಲಸಕ್ಕೆ ಹೋಗಿದ್ದು, ಫಾರಿನ್ನಿಗೆ ಹೋಗುವವರು ಹಾರ ಹಾಕಿಸಿಕೊಂಡು ನಿಂತಿದ್ದು, ಸ್ಕೂಲಿನ ಪ್ರವಾಸ, ಸ್ಟೇಷನ್ ಮಾಸ್ಟರ್ ರಿಟೈರ್ ಆದ ದಿನದ ಗ್ರೂಪ್ ಫೋಟೊ. ಅವರಿಗೆ ಬೇಕಾದ್ದು ಮುಂದೆ ನಿಂತ ಮನುಷ್ಯರು. ನಮಗೆ ಬೇಕಾದ್ದು ಅವರ ಭುಜದ ಹಿಂದೆ ಇದೆ.

ಇನ್ನು ದುಡ್ಡಿನ ವಿಷಯ. ಮೊದಲಿಗೆ ಹಳೆಯ ಎಪ್ಸನ್ ಸ್ಕ್ಯಾನರ್ ಒಂದನ್ನು ಹದಿನೆಂಟು ಸಾವಿರಕ್ಕೋ ಏನೋ ಕೊಂಡೆ. ಪ್ರಿಂಟಿಗೆ ಚೆನ್ನಾಗಿತ್ತು. ಆಗ್ಫಾ ಕ್ಲಿಕ್ 3 ಕ್ಯಾಮೆರಾದ ದೊಡ್ಡ ನೆಗೆಟಿವ್‌ಗೂ ಪರವಾಗಿಲ್ಲ. ಸಣ್ಣ 35 ಎಂಎಂ ನೆಗೆಟಿವ್ ಹಾಕಿದರೆ ಮಾತ್ರ ಬೋಗಿ ಮೇಲಿನ ಅಕ್ಷರ ಕರಗಿಹೋಗುತ್ತಿತ್ತು. ಅಕ್ಷರವೇ ಕಾಣದಿದ್ದರೆ ನನ್ನ ಕೆಲಸವೇ ಇಲ್ಲ. ಹನ್ನೊಂದು ಸಾವಿರಕ್ಕೆ ಮಾರಿದೆ. ಆಮೇಲೆ ಒಂದು ಲ್ಯಾಬಿಗೆ ನೆಗೆಟಿವ್ ಕೊಟ್ಟೆ, ಒಂದಕ್ಕೆ ಮೂವತ್ತು ರೂಪಾಯಿಯಂತೆ. ನಾಲ್ಕೈದು ಸಾವಿರ ಹೋಯಿತು. ವಾಪಸ್ ಬಂದದ್ದು ಸಣ್ಣ ಸಣ್ಣ ಫೈಲು, ಜೊತೆಗೆ ಎರಡು ಸ್ಟ್ರಿಪ್ಪಿನ ಮೇಲೆ ಉದ್ದ ಗೀರು. ಬೇರೆಯವರ ಮನೆಯ ನೆಗೆಟಿವ್ ಅದು. ಅವತ್ತಿನಿಂದ ಯಾವ ನೆಗೆಟಿವ್ವೂ ನನ್ನ ಕೈ ದಾಟಿ ಹೋಗಿಲ್ಲ.

ಕೊನೆಗೆ ನಿಂತದ್ದು ಕ್ಯಾಮೆರಾದಲ್ಲೇ ಕಾಪಿ ಮಾಡುವ ವಿಧಾನ. ಮುಚ್ಚಿದ ಸ್ಟುಡಿಯೊದಿಂದ, ನೆಗೆಟಿವ್ ಹಿಗ್ಗಿಸಿ ಪ್ರಿಂಟ್ ಹಾಕುವ ಹಳೇ ಎನ್‌ಲಾರ್ಜರ್ ಒಂದನ್ನು ಗುಜರಿ ಬೆಲೆಗೆ, ಸಾವಿರದೈನೂರಕ್ಕೆ ತಂದೆ. ಮೇಲಿನ ತಲೆ ಬಿಚ್ಚಿ ಆ ಜಾಗಕ್ಕೆ ಕ್ಯಾಮೆರಾ ಕೂರಿಸಿದೆ. ಮೇಲೆ ಕೆಳಗೆ ಓಡಾಡಿಸುವ ಹಿಡಿ ಮೊದಲೇ ಇದೆ, ಅಲುಗಾಟ ಇಲ್ಲ. ಹೊಸ ಸ್ಟ್ಯಾಂಡು ಕೊಂಡಿದ್ದರೆ ಹತ್ತು ಪಟ್ಟು ಆಗುತ್ತಿತ್ತು. ತೀರಾ ಹತ್ತಿರದಿಂದ ತೆಗೆಯೋಕೆ ಸೆಕೆಂಡ್ ಹ್ಯಾಂಡ್ ಮ್ಯಾಕ್ರೊ ಲೆನ್ಸ್ ಹದಿನಾರು ಸಾವಿರ, ನೆಗೆಟಿವ್ ಕೆಳಗಿಂದ ಬೆಳಕು ಕೊಡೋಕೆ ಒಳ್ಳೆಯ ಎಲ್‌ಇಡಿ ಪ್ಯಾನಲ್ ಮೂರು ಸಾವಿರ. ಲೆವೆಲ್ ನೋಡೋಕೆ ಕೆಳಗೆ ಸಣ್ಣ ಕನ್ನಡಿ ಇಡುತ್ತೇನೆ. ಲೆನ್ಸಿನ ಬಿಂಬ ಫ್ರೇಮಿನ ನಟ್ಟನಡುವೆ ಕಂಡರೆ ಸರಿ. ನೆಗೆಟಿವ್ ಸುತ್ತ ಕಪ್ಪು ಡ್ರಾಯಿಂಗ್ ಶೀಟು. ಇದರ ಮುಂದೆ ಮೂವತ್ತು ರೂಪಾಯಿಯ ಸ್ಕ್ಯಾನ್ ನಿಲ್ಲೋದೇ ಇಲ್ಲ.

80ರ ದಶಕದ ಅಂಟು ಹಾಳೆಯ ಆಲ್ಬಮ್ ನಿಮಗೂ ಕಾಟ ಕೊಟ್ಟಿರುತ್ತೆ, ಅಲ್ವಾ? ಹಲ್ಲಿನ ಸಂದಿಗೆ ಹಾಕುವ ನೂಲನ್ನು ಫೋಟೊ ಹಿಂದೆ ನಿಧಾನಕ್ಕೆ ಗರಗಸದ ಹಾಗೆ ಎಳೆಯಿರಿ, ಬಿಡುತ್ತೆ. ಬಿಡದಿದ್ದರೆ ಹಾಳೆಯ ಮೇಲೇ ಕಾಪಿ ಮಾಡಿ, ಎಳೆಯಬೇಡಿ. ಅದೇ ಕಾಲದ ಜಾಲರಿಯಂಥ ಮೈಯಿರುವ ರೇಷ್ಮೆ ಪೇಪರ್ ಪ್ರಿಂಟಿನ ಹೊಳಪು ತೆಗೆಯೋಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಈಗ ನಿಜವಾದ ಕೆಲಸ, ವರ್ಷ ಹಿಡಿಯೋದು. ಫೋಟೊ ಹಿಂದೆ ಇಂಕಿನಲ್ಲಿ ಬರೆದ ವರ್ಷವನ್ನು ನಾನು ನಂಬುವುದಿಲ್ಲ. ಅದನ್ನು ಮುಕ್ಕಾಲು ಪಾಲು ಎಷ್ಟೋ ವರ್ಷ ಆದಮೇಲೆ ಬರೆದಿರುತ್ತಾರೆ. ಒಂದು ಫೋಟೊ ಹಿಂದೆ 1962 ಅಂತಿತ್ತು. ಬೋಗಿಯ ಮೇಲಿನ ಬೋರ್ಡು ಓದಿದರೆ ಮದ್ರಾಸ್–ಬೆಂಗಳೂರು ನಡುವೆ ಓಡುವ ಬೃಂದಾವನ್ ಎಕ್ಸ್‌ಪ್ರೆಸ್. ಆ ರೈಲು ಶುರುವಾದದ್ದೇ 1964ರಲ್ಲಿ. ಇಂಕು ಅಲ್ಲಿಗೇ ಸೋತಿತು. ಬೃಂದಾವನದ ನಂಬರೂ ಒಳ್ಳೆಯ ಸಾಕ್ಷಿ. ಮೊದಲು ಅದು 39 ಮತ್ತು 40. ನಾಲ್ಕಂಕಿ ಬಂದಮೇಲೆ 2639 ಮತ್ತು 2640. 2010ರ ಡಿಸೆಂಬರಿನಿಂದ ಮುಂದೊಂದು 1 ಸೇರಿ ಐದಂಕಿ. ಬೋರ್ಡಿನ ಮೂಲೆಯಲ್ಲಿ ನಂಬರು ಅರ್ಧ ಕಂಡರೂ ಸಾಕು, ಯಾವ ಕಾಲ ಅಂತ ಗೊತ್ತಾಗುತ್ತೆ.

ನೆಗೆಟಿವ್ ಇದ್ದರೆ ಮೊದಲು ಅಂಚು ನೋಡಿ. ಅಲ್ಲಿ ಫಿಲ್ಮಿನ ಹೆಸರಿರುತ್ತೆ. ಪೂರ್ವ ಜರ್ಮನಿಯ ಓರ್ವೊ ಅಂತಿದ್ದರೆ 1964ಕ್ಕಿಂತ ಹಿಂದಿನದಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಅಂತಿದ್ದರೆ 1967ರ ಈಚಿನದು, ಯಾಕಂದರೆ ಅಲ್ಲಿ ಫಿಲ್ಮ್ ತಯಾರಾಗೋಕೆ ಶುರುವಾದದ್ದು ಆ ವರ್ಷ. ಬೋಗಿ ಬಾಗಿಲ ಪಕ್ಕ ರೋಮನ್ ಮೂರರ ಮೂರು ಗೀಟು ಇದ್ದರೆ ಮೂರನೇ ದರ್ಜೆ. ಅದು 1974ರಲ್ಲಿ ಹೋಯಿತು. ಬಣ್ಣ ಅಲ್ಲಿಲ್ಲಿ ಉಳಿದುಕೊಂಡಿರಬಹುದು, ಹಾಗಾಗಿ ಒಂದೆರಡು ವರ್ಷ ಸಡಿಲ ಬಿಡಬೇಕು. ಮೈಸೂರು ಕಡೆಯ ಮೀಟರ್ ಗೇಜ್, ಅಂದರೆ ಅಗಲ ಕಡಿಮೆಯಿದ್ದ ಹಳೇ ಹಳಿ ಕಂಡರೆ 90ರ ದಶಕದ ಮೊದಲ ವರ್ಷಗಳಿಗಿಂತ ಹಿಂದಿನದು. ಮದ್ರಾಸ್ ಲೈನಿನ ಮೇಲೆ ಕರೆಂಟ್ ತಂತಿ ಇದ್ದರೆ ಸುಮಾರು ಅಲ್ಲಿಂದ ಈಚಿನದು. ಬೋಗಿಯೆಲ್ಲ ನೀಲಿಯಾಗಿದ್ದರೆ ಇನ್ನೂ ಈಚಿನದು. ಸ್ಟೇಷನ್ ಮುಂದೆ ಮಾರುತಿ 800 ನಿಂತಿದ್ದರೆ 1983ರ ಕೊನೆಗಿಂತ ಹಿಂದೆ ಹೋಗುವ ಹಾಗೇ ಇಲ್ಲ. ಬೋಗಿ ಮೇಲೆ ದಕ್ಷಿಣ ರೈಲ್ವೆಯ ಅಕ್ಷರ ಇದೆ ಅಂತ 2003ಕ್ಕೆ ಮೊದಲಿನದು ಅಂದುಬಿಡಬೇಡಿ. ಆ ವರ್ಷ ಬೆಂಗಳೂರು ಹೊಸ ನೈಋತ್ಯ ರೈಲ್ವೆಗೆ ಸೇರಿದಮೇಲೂ ಮದ್ರಾಸ್ ಬೋಗಿ ಇಲ್ಲಿಗೆ ಬರುತ್ತಲೇ ಇವೆ.

ಚಾಮರಾಜಪೇಟೆಯ ಆ ಫೋಟೊದ ಲೆಕ್ಕ ಹೀಗೆ ಬಂತು. ನೆಗೆಟಿವ್ ಅಂಚಿನಲ್ಲಿ ಇಂದು, ಬಾಗಿಲಲ್ಲಿ ಮೂರು ಗೀಟು. ಅಲ್ಲಿಗೆ 1967ರಿಂದ 74ರ ನಡುವೆ ಬಿತ್ತು. ಅಮ್ಮನವರು ಮದುವೆ ವರ್ಷ ಎರಡು ಬಗೆಯಾಗಿ ಹೇಳಿದರು. ಮೊದಲ ಮಗು 1971ರಲ್ಲಿ ಅನ್ನೋದು ಮಾತ್ರ ಗಟ್ಟಿ. ಲಗ್ನಪತ್ರಿಕೆ ಹುಡುಕಿಸಿದೆ, ದೇವರ ಮನೆಯ ಟ್ರಂಕಿನಲ್ಲಿ ಸಿಕ್ಕಿತು. 1969. ರೈಲು ಸಾಕ್ಷಿ ಹೇಳಿದ ಗಡಿಯೊಳಗೇ ಬಂತು. ಇಂಥದ್ದು ಒಂದರ ಹಿಂದೆ ಒಂದು ಕೂಡತೊಡಗಿದ ಮೇಲೆ ನಮ್ಮ ಬಳಗದವರು ತಮ್ಮ ಫೋಟೊ ಹಿಡಿದುಕೊಂಡು ನನ್ನ ಹತ್ತಿರ ಬರತೊಡಗಿದರು.

ನೆನಪಿನ ವಿಷಯಕ್ಕೆ ಬರುತ್ತೇನೆ. ರೆಕಾರ್ಡರ್ ಮುಂದಿಟ್ಟು "ಆಗಿನ ಸ್ಟೇಷನ್ ಬಗ್ಗೆ ಹೇಳಿ ಸಾರ್" ಅಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಉಗಿಬಂಡಿ, ಮಸಿ, ಕಾಫಿ ರುಚಿ. ಅದರಿಂದ ಏನೂ ಸಿಗೋದಿಲ್ಲ. ನಾನು ಮಾಡೋದು ಬೇರೆ. 12 ಬೈ 18 ಇಂಚಿನ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತೇನೆ, ಒಂದಕ್ಕೆ ಅರವತ್ತು ರೂಪಾಯಿ ಬೀಳುತ್ತೆ. ಮುಂದೆ ನಿಂತವರ ಮುಖದ ಮೇಲೆ ಬಿಳಿ ಚೀಟಿ ಇಡುತ್ತೇನೆ. ಮುಖ ಕಂಡರೆ ಮಾತು ನೆಂಟರ ಕಡೆ ಹೋಗಿಬಿಡುತ್ತೆ. ಮುಖ ಮುಚ್ಚಿದರೆ ಕಣ್ಣು ಹಿಂದಕ್ಕೆ ಹೋಗುತ್ತೆ. ಪಕ್ಕದಲ್ಲಿ ಕಂದು ಬಣ್ಣದ ದೊಡ್ಡ ಕಾಗದ ಹಾಸಿ, ಪ್ಲಾಟ್‌ಫಾರ್ಮಿನ ಗೆರೆ ಮಾತ್ರ ಎಳೆದಿರುತ್ತೇನೆ. ಪೆನ್ಸಿಲ್ ಅವರ ಕೈಗೆ.

ಇನ್ನೊಂದು ಮುಖ್ಯ. ಒಬ್ಬರನ್ನೇ ಕೂರಿಸಬೇಡಿ. ಇಬ್ಬರು ಬೇಕು, ಅದರಲ್ಲೂ ಬೇರೆ ಬೇರೆ ಕೆಲಸ ಮಾಡಿದವರು. ಪಾರ್ಸೆಲ್ ಆಫೀಸಿನಲ್ಲಿದ್ದ ಒಬ್ಬ ಹಿರಿಯರನ್ನೂ ಕೂಲಿಯಾಗಿದ್ದ ಒಬ್ಬ ಹಿರಿಯರನ್ನೂ ಒಟ್ಟಿಗೆ ಕೂರಿಸಿದ್ದೆ. ತೂಕದ ಯಂತ್ರ ಎಲ್ಲಿತ್ತು ಅಂತ ಜಗಳವೇ ಆಯಿತು. ಬಣ್ಣದ ದೀಪ ತಿರುಗಿ ತೂಕದ ಚೀಟಿ ಬೀಳುತ್ತಿತ್ತಲ್ಲ, ಆ ಯಂತ್ರ. "ಏನ್ರೀ, ಬುಕಿಂಗ್ ಹಾಲಿನ ಬಾಗಿಲ ಪಕ್ಕ ನಾನು ದಿನಾ ನೋಡ್ತಿದ್ದೆ" ಅಂತ ಇವರು. "ಸ್ವಾಮಿ, ನಾನು ಮೂಟೆ ಇಳಿಸ್ತಿದ್ದದ್ದೇ ಅದರ ಮುಂದೆ, ಪ್ಲಾಟ್‌ಫಾರ್ಮಿನ ಒಳಗೆ" ಅಂತ ಅವರು. ನಾನು ಬಾಯಿ ಬಿಡಲಿಲ್ಲ. ಕಾಫಿ ಎರಡನೇ ಸಲ ಬರುವ ಹೊತ್ತಿಗೆ ಯಂತ್ರ ಎರಡಿದ್ದವು, ಒಂದು ಆಗಾಗ ಕೆಟ್ಟು ನಿಲ್ಲುತ್ತಿತ್ತು ಅನ್ನುವಲ್ಲಿಗೆ ಬಂದರು. ಮನೆಗೆ ಬಂದು ಫೋಟೊಗಳನ್ನು ಮತ್ತೆ ಹಿಗ್ಗಿಸಿ ನೋಡಿದೆ. ಎರಡೂ ಜಾಗದಲ್ಲಿ ಯಂತ್ರ ಇದೆ. ಅಲ್ಲಿಯವರೆಗೆ ಒಂದನ್ನು ನಾವು ಯಾರೂ ಗುರುತಿಸಿರಲಿಲ್ಲ, ಕಂಬದ ಹಿಂದೆ ಅದರ ಅರ್ಧ ಮಾತ್ರ ಕಾಣುತ್ತಿತ್ತು. ನೆನಪನ್ನು ನಂಬೋಕಾಗಲ್ಲ ಅಂದವರಿಗೆ ನಾನು ತೋರಿಸುವ ಮೊದಲ ಫೋಟೊ ಇದೇ.

ನೆರಳಿನ ಮೇಲೂ ಸ್ವಲ್ಪ ಕಾಲ ಕಳೆದೆ. ಸಿಟಿ ಸ್ಟೇಷನ್ನಿನ ಮುಖ್ಯ ಕಟ್ಟಡ ಪೂರ್ವಕ್ಕೆ, ಮೆಜೆಸ್ಟಿಕ್ ಕಡೆ ಇದೆ. ಬೃಂದಾವನ್ ಬೆಳಗ್ಗೆ ಮದ್ರಾಸ್ ಬಿಟ್ಟು ಮಧ್ಯಾಹ್ನ ಇಲ್ಲಿಗೆ ಬಂದು, ಮಧ್ಯಾಹ್ನವೇ ವಾಪಸ್ ಹೊರಡುವ ಗಾಡಿ. ಹಾಗಾದರೆ ಅದರ ಫೋಟೊದಲ್ಲಿ ಬಿಸಿಲು ಪಶ್ಚಿಮದ ಕಡೆಯಿಂದ, ಅಂದರೆ ಮುಖ್ಯ ಕಟ್ಟಡದ ಎದುರು ದಿಕ್ಕಿನಿಂದ ಬೀಳಬೇಕು. ಬೀಳದಿದ್ದರೆ ಅದು ಬೇರೆ ಊರು, ಇಲ್ಲವೇ ನೆಗೆಟಿವ್ ತಿರುಗುಮುರುಗಾಗಿ ಪ್ರಿಂಟ್ ಆಗಿದೆ. ಹಳೆಯ ಟೈಮ್‌ಟೇಬಲ್ ಪುಸ್ತಕ ಅವೆನ್ಯೂ ರೋಡಿನಲ್ಲಿ ಇನ್ನೂ ಸಿಗುತ್ತವೆ. ಮೊದಲು ನೂರು ರೂಪಾಯಿಗೆ ಕೊಡುತ್ತಿದ್ದರು, ನಾನು ಕೇಳುತ್ತೇನೆ ಅಂತ ಗೊತ್ತಾದ ಮೇಲೆ ಐನೂರು ಹೇಳುತ್ತಾರೆ. ಕೊಡುತ್ತೇನೆ.

ಕಪ್ಪುಬಿಳುಪಿಗೆ ತಾನಾಗೇ ಬಣ್ಣ ಹಚ್ಚುವ ಸಾಫ್ಟ್‌ವೇರನ್ನೂ ನೋಡಿದೆ. 70ರ ದಶಕದ ಬೋಗಿಗೆ ನೀಲಿ ಹಚ್ಚಿತು. ಆಗ ಬೋಗಿ ಇದ್ದದ್ದು ಇಟ್ಟಿಗೆ ಕೆಂಪು. ಇಂಥ ಚಿತ್ರ ಒಂದು ಸಲ ಹರಡಿದರೆ ಮುಂದಿನವರು ಅದನ್ನೇ ಸಾಕ್ಷಿ ಅಂದುಕೊಳ್ಳುತ್ತಾರೆ. ಅದಕ್ಕೆ ಅಂಥ ಫೈಲುಗಳನ್ನೆಲ್ಲ ಅಳಿಸಿಹಾಕಿದೆ, ನೀವೂ ಹಂಚಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಕ್ಯಾಸೆಟ್ಟಿನ ಪ್ರಯೋಗ ಮಾತ್ರ ಖುಷಿ ಕೊಟ್ಟಿತು. ಒಂದು ಮನೆಯವರು ದೂರದ ಮಗನಿಗೆ ಕಾಗದದ ಬದಲು ಕ್ಯಾಸೆಟ್ ತುಂಬಿ ಕಳಿಸುತ್ತಿದ್ದರು. ಒಂದರಲ್ಲಿ ಸ್ಟೇಷನ್ನಿನಲ್ಲೇ ಕೂತು ಮಾತಾಡಿದ್ದಾರೆ. ಗುಂಯ್‌ಗುಡುವ ಸದ್ದು ಕಡಿಮೆ ಮಾಡಿದರೆ ಹಿಂದೆ ಅನೌನ್ಸ್‌ಮೆಂಟು, ಕಾಫಿ ಮಾರುವವನ ಕೂಗು, ದೂರದಲ್ಲೊಂದು ಉಗಿ ಎಂಜಿನ್ನಿನ ಸಿಳ್ಳೆ, ಹತ್ತಿರದಲ್ಲಿ ಡೀಸೆಲ್ಲಿನ ಹಾರ್ನು. ಎರಡೂ ಒಟ್ಟಿಗೆ ಓಡುತ್ತಿದ್ದ ಕಾಲ ಅದು. ವರ್ಷ ಹಿಡಿಯೋಕೆ ಅಷ್ಟೇನೂ ನೆರವಾಗಲಿಲ್ಲ. ಆದರೂ ಹಿರಿಯರ ಮುಂದೆ ಫೋಟೊ ಇಟ್ಟು ಈ ಸದ್ದು ಸಣ್ಣಗೆ ಹಾಕಿದರೆ ಪೆನ್ಸಿಲ್ ಬೇಗ ಓಡುತ್ತೆ.

ಮುಚ್ಚಿದ ಸ್ಟುಡಿಯೊಗಳ ನೆಗೆಟಿವ್ ಡಬ್ಬಿ ಬಗ್ಗೆ ಬಹಳ ಜನ ಕೇಳುತ್ತಾರೆ. ಬೆಳ್ಳಿ ತೆಗೆಯುವವರು ಅವನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾರೆ, ಅವರಿಗಿಂತ ಮೊದಲು ನಾವು ಹೋಗಬೇಕು. ನಾನು ಯಾರ ಮೂಲಕ ಹೋಗುತ್ತೇನೆ ಅನ್ನೋದನ್ನು ಇಲ್ಲಿ ಹೇಳೋದಿಲ್ಲ, ಆ ಮನುಷ್ಯನಿಗೆ ಮಾತು ಕೊಟ್ಟಿದ್ದೇನೆ. ಒಂದು ಎಚ್ಚರಿಕೆ ಮಾತ್ರ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಆ ನೆಗೆಟಿವ್‌ಗಳನ್ನು ಅವತ್ತೇ ಬೇರೆ ಇಡಿ, ಮೊದಲು ಅವನ್ನೇ ಕಾಪಿ ಮಾಡಿ. ಪಕ್ಕದವನ್ನೂ ಅದು ಕೆಡಿಸುತ್ತೆ.

ಫೋಟೊ ಕೊಟ್ಟ ಪ್ರತಿ ಮನೆಗೂ ದೊಡ್ಡ ಪ್ರಿಂಟ್ ಒಂದು, ಪೆನ್ ಡ್ರೈವಿನಲ್ಲಿ ಫೈಲು ಕೊಡುತ್ತೇನೆ. ಎರಡು ಸಾಲಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇನೆ. ಇದೆಲ್ಲ ಸೇರಿ ಮನೆಯೊಂದಕ್ಕೆ ನಾಲ್ಕುನೂರು ರೂಪಾಯಿ ಆಗಬಹುದು. ಇದನ್ನು ಉಳಿಸೋಕೆ ಹೋದವರಿಗೆ ಎರಡನೇ ಆಲ್ಬಮ್ ಹೊರಗೆ ಬರೋದಿಲ್ಲ. ನನಗೆ ಒಳ್ಳೆಯ ಫೋಟೊಗಳೆಲ್ಲ ಸಿಕ್ಕಿದ್ದು ಎರಡನೇ ಆಲ್ಬಮ್ಮಿನಲ್ಲೇ.

ಮಲ್ಲೇಶ್ವರ ಸ್ಟೇಷನ್ ಒಂದು ಇನ್ನೂ ಕೈಗೆ ಸಿಕ್ಕಿಲ್ಲ, ಹತ್ತಿಪ್ಪತ್ತು ಫೋಟೊ ಇದ್ದರೆ ಹೆಚ್ಚು. ಅಲ್ಲಿ ಹಾರ ಹಾಕಿ ಕಳಿಸುವ ಪದ್ಧತಿ ಇರಲಿಲ್ಲ. ದಿನಾ ಹತ್ತಿ ಇಳಿಯುವವರೇ ಜಾಸ್ತಿ, ಹಾಗಾಗಿ ಮದುವೆ ಪ್ರಶ್ನೆ ಅಲ್ಲಿ ನಡೆಯೋದಿಲ್ಲ. ಈಗ ಅಲ್ಲಿನ ಹಳೇ ಮನೆಗಳಲ್ಲಿ ಸೀಸನ್ ಟಿಕೆಟ್ ಬಗ್ಗೆ ಕೇಳುತ್ತಿದ್ದೇನೆ. ಪಾಸು ಇಟ್ಟುಕೊಂಡವರು ಅದರ ಜೊತೆಗೆ ಕಾಲೇಜಿನ ಗೆಳೆಯರ ಫೋಟೊವನ್ನೂ ಇಟ್ಟುಕೊಂಡಿರುತ್ತಾರೆ. ಹೋದ ವಾರ ಎರಡು ಬಂದಿವೆ. ಒಂದರಲ್ಲಿ ಮೀಟರ್ ಗೇಜ್ ಹಳಿ ಸ್ಪಷ್ಟವಾಗಿದೆ, ಇನ್ನೊಂದರ ನೆಗೆಟಿವ್ ಹುಡುಕಿಕೊಡುತ್ತೇವೆ ಅಂದಿದ್ದಾರೆ.