ಕೈಯಲ್ಲಿರುವ ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕುವುದು ಹೇಗೆ?

ವರ್ಡಲ್ ಆಡುವವರು, ಸ್ಕ್ರ್ಯಾಬಲ್ ಆಡುವವರು, ಪೇಪರಿನಲ್ಲಿ ಕ್ರಾಸ್‌ವರ್ಡ್ ಬಿಡಿಸುವವರು ಎಲ್ಲರೂ ಗೂಗಲ್‌ಗೆ ಕೇಳುವುದು ಒಂದೇ: ಈ ಅಕ್ಷರಗಳಿರುವ ಪದ ಯಾವುದು? ಆದರೆ ಮೂವರಿಗೂ ಬೇಕಿರುವುದು ಬೇರೆ ಬೇರೆ. ಸ್ಕ್ರ್ಯಾಬಲ್‌ನಲ್ಲಿ ನಿಮ್ಮ ಹತ್ತಿರ ಇರುವ ಟೈಲ್‌ಗಳಲ್ಲೇ, ಅಂದರೆ ಅಕ್ಷರದ ಬಿಲ್ಲೆಗಳಲ್ಲೇ, ಪದ ಆಗಬೇಕು, ಒಂದು ಇ ಇದ್ದರೆ ಒಂದೇ ಇ. ವರ್ಡಲ್‌ನಲ್ಲಿ ಕೆಲವು ಅಕ್ಷರ ಇರಲೇಬೇಕು, ಉಳಿದ ಜಾಗಕ್ಕೆ ಬೇರೆ ಏನಾದರೂ ಬರಬಹುದು. ಕ್ರಾಸ್‌ವರ್ಡ್‌ನಲ್ಲಿ ಯಾವ ಅಕ್ಷರ ಎಷ್ಟನೇ ಮನೆಯಲ್ಲಿದೆ ಅನ್ನುವುದೇ ಮುಖ್ಯ. ನಿಮ್ಮದು ಇದರಲ್ಲಿ ಯಾವುದು ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಇಲ್ಲದಿದ್ದರೆ ಎಂಥ ಒಳ್ಳೆಯ ವೆಬ್‌ಸೈಟ್ ಸಿಕ್ಕರೂ ಬೇಡದ ಪದಗಳ ರಾಶಿಯೇ ಬಂದು ಬೀಳುತ್ತದೆ.

ಒಂದು ವರ್ಡಲ್ ಲೆಕ್ಕ ಬಿಡಿಸೋಣ. 5 ಅಕ್ಷರದ ಪದ, ಎರಡನೇ ಮನೆಯಲ್ಲಿ ಆರ್ ಹಸಿರಾಗಿದೆ, ಅಂದರೆ ಅದರ ಜಾಗ ಸರಿಯಾಗಿದೆ. ಎ ಮತ್ತು ಟಿ ಹಳದಿ, ಅಂದರೆ ಪದದಲ್ಲಿವೆ, ಆದರೆ ಇಟ್ಟ ಜಾಗ ತಪ್ಪು. ಎ ಮೊದಲನೇ ಮನೆಯಲ್ಲಿಲ್ಲ, ಟಿ ಕೊನೆಯಲ್ಲಿಲ್ಲ ಅಂತ ಗೊತ್ತಾಗಿದೆ. ಬೂದು ಅಕ್ಷರಗಳನ್ನು, ಅಂದರೆ ಪದದಲ್ಲೇ ಇಲ್ಲದವನ್ನು, ಸದ್ಯಕ್ಕೆ ಬಿಡಿ. ಸುಮ್ನೆ ಪದ ನೆನಪಿಸಿಕೊಳ್ಳುತ್ತಾ ಕೂರುವ ಬದಲು ಟಿ ಎಲ್ಲೆಲ್ಲಿ ಕೂರಬಹುದು ನೋಡಿ: ಒಂದು, ಮೂರು, ನಾಲ್ಕು, ಇಷ್ಟೇ. ಮೊದಲನೇ ಮನೆಯಲ್ಲಿ ಕೂರಿಸಿ, ಎ ಮೂರನೆಯದಾದರೆ ಟ್ರೇಸ್, ಟ್ರೇಡ್, ಟ್ರ್ಯಾಕ್, ಟ್ರ್ಯಾಶ್, ಟ್ರೈನ್ ಸಾಲಾಗಿ ಬರುತ್ತವೆ. ಎ ನಾಲ್ಕನೆಯದಾದರೆ ಟ್ರಯಲ್, ಮೆಟ್ಟುವ ಟ್ರೆಡ್. ಟಿ ಮೂರನೇ ಮನೆಗೆ ಬಂದರೆ ಬಳಕೆಯ ಪದ ಯಾವುದೂ ಕೂಡುವುದಿಲ್ಲ, ಬಿಟ್ಟುಬಿಡಿ. ನಾಲ್ಕನೆಯದಾದರೆ ಕ್ರೇಟ್, ಸಿಟ್ಟಾದ ಅನ್ನುವ ಅರ್ಥದ ಐರೇಟ್, ಮತ್ತೆ ತೆಂಗಿನಕಾಯಿ ತುರಿಯುವ ಅರ್ಥದ ಗ್ರೇಟ್.

ಇಲ್ಲಿ ಸ್ವಲ್ಪ ನಿಲ್ಲಿ. ಶಹಬ್ಬಾಸ್ ಅನ್ನುವ ಅರ್ಥದ ಗ್ರೇಟ್ ಕೂಡ ಕಿವಿಗೆ ಹೀಗೇ ಕೇಳುತ್ತದೆ. ಆದರೆ ಅದರಲ್ಲಿ ಟಿ ಕೊನೆಯಲ್ಲಿದೆ, ಹಾಗಾಗಿ ಅದು ಔಟ್. ಕನ್ನಡದಲ್ಲಿ ಕೇಳಿದ ಹಾಗೆ ಬರೆದು ಅಭ್ಯಾಸ ಆದ ನಮಗೆ ಪದ ಮೊದಲು ಶಬ್ದವಾಗಿ ಹೊಳೆಯುತ್ತದೆ, ಸ್ಪೆಲಿಂಗ್ ಆಮೇಲೆ. ಅದಕ್ಕೇ ಹಾಳೆಯ ಮೇಲೆ ಐದು ಗೆರೆ ಎಳೆದು, ಅಕ್ಷರಗಳನ್ನು ಒಂದೊಂದಾಗಿ ಕೂರಿಸಿ ನೋಡಿ ಅಂತ ಒತ್ತಿ ಹೇಳುತ್ತೇನೆ. ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದರೆ ಐರೇಟ್ ಥರದ ಪದ ಹೊಳೆಯುವುದು ಕಷ್ಟ.

ಸ್ಕ್ರ್ಯಾಬಲ್‌ಗೆ ದಾರಿ ಬೇರೆ. ಏಳು ಟೈಲ್‌ಗಳನ್ನು ಬಂದ ಸಾಲಿನಲ್ಲೇ ದಿಟ್ಟಿಸಬೇಡಿ, ಕಣ್ಣು ಅದೇ ಸಾಲಿಗೆ ಅಂಟಿಕೊಳ್ಳುತ್ತದೆ. ಸ್ವರಗಳನ್ನು ಒಂದು ಕಡೆ, ವ್ಯಂಜನಗಳನ್ನು ಇನ್ನೊಂದು ಕಡೆ ಸರಿಸಿ. ಆಮೇಲೆ ಬಾಲಗಳನ್ನು ತೆಗೆದಿಡಿ: ಐ-ಎನ್-ಜಿ, ಇ-ಆರ್, ಇ-ಡಿ, ಅಥವಾ ಬಹುವಚನದ ಎಸ್. ಉಳಿದದ್ದು ಕಡಿಮೆಯಾದಷ್ಟೂ ಪದ ಕಾಣುವುದು ಸುಲಭ. ಎ, ಇ, ಐ, ಎನ್, ಆರ್, ಎಸ್, ಟಿ ಬಂದಿದೆ ಅಂದುಕೊಳ್ಳಿ. ಎಸ್ ಪಕ್ಕಕ್ಕಿಟ್ಟರೆ ರೀಟೇನ್ ಕಾಣುತ್ತದೆ, ರೆಟಿನಾ ಕಾಣುತ್ತದೆ, ಎರಡಕ್ಕೂ ಎಸ್ ಹಚ್ಚಬಹುದು. ಇ-ಆರ್ ಪಕ್ಕಕ್ಕಿಟ್ಟರೆ ನ್ಯಾಸ್ಟಿಯರ್. ಏಳೂ ಟೈಲ್ ಒಂದೇ ಸಲ ಇಳಿಸಿದರೆ 50 ಅಂಕ ಜಾಸ್ತಿ ಸಿಗುತ್ತದೆ, ಅದಕ್ಕೆ ಇಷ್ಟು ಹೊತ್ತು ಕೊಡುವುದು ಸಾರ್ಥಕ.

ತಲೆ ಓಡದಿದ್ದಾಗ ಒನ್‌ಲುಕ್ ನಿಘಂಟಿನ ಸೈಟ್‌ಗೆ ಹೋಗಿ. ಅಲ್ಲಿನ ಚಿಹ್ನೆಗಳನ್ನು ಕಲಿತವರು ಕಡಿಮೆ, ಕಲಿತರೆ ಬೇರೆ ಸೈಟ್ ಬೇಕಾಗುವುದೇ ಇಲ್ಲ. ಪ್ರಶ್ನಾರ್ಥಕ ಚಿಹ್ನೆ ಅಂದರೆ ಯಾವುದೋ ಒಂದು ಅಕ್ಷರ. ನಕ್ಷತ್ರ ಅಂದರೆ ಎಷ್ಟು ಅಕ್ಷರವಾದರೂ ಸರಿ. ಕಾಮಾ ಹಾಕಿ ಷರತ್ತುಗಳನ್ನು ಸೇರಿಸಬಹುದು. ನಮ್ಮ ವರ್ಡಲ್ ಲೆಕ್ಕಕ್ಕೆ ಹೀಗೆ: ಒಂದು ಪ್ರಶ್ನಾರ್ಥಕ, ಆರ್, ಮೂರು ಪ್ರಶ್ನಾರ್ಥಕ, ಕಾಮಾ, ಎರಡು ನಕ್ಷತ್ರದ ನಡುವೆ ಎ, ಮತ್ತೆ ಕಾಮಾ, ಎರಡು ನಕ್ಷತ್ರದ ನಡುವೆ ಟಿ. ಕೊನೆಯಲ್ಲಿ ಮೈನಸ್ ಹಾಕಿ ಅಕ್ಷರ ಬರೆದರೆ ಅವು ಇಲ್ಲದ ಪದಗಳು ಬರುತ್ತವೆ, ಬೂದು ಅಕ್ಷರಗಳಿಗೆ ಹೇಳಿ ಮಾಡಿಸಿದ್ದು. ಎರಡು ಓರೆಗೆರೆ ಹಾಕಿ ಅಕ್ಷರಗಳನ್ನು ಬರೆದರೆ ಅದಲು ಬದಲಾದ ಪದಗಳನ್ನು ಕೊಡುತ್ತದೆ.

ಪ್ಲಸ್ ಚಿಹ್ನೆಯ ವಿಷಯದಲ್ಲಿ ಮಾತ್ರ ಹುಷಾರು. ಪ್ಲಸ್ ಅಂದರೆ ಈ ಅಕ್ಷರಗಳು ಮಾತ್ರ, ಆದರೆ ಎಷ್ಟು ಸಲವಾದರೂ ಬರಬಹುದು. ನಕ್ಷತ್ರ, ಪ್ಲಸ್, ಬಿ, ಎ, ಎನ್ ಕೊಟ್ಟರೆ ಬನಾನಾ ಕೂಡ ಬರುತ್ತದೆ. ಸ್ಕ್ರ್ಯಾಬಲ್‌ಗೆ ಇದು ಉಪಯೋಗವಿಲ್ಲ, ಕೈಯಲ್ಲಿ ಮೂರು ಎ ಇರಬೇಕಲ್ವಾ? ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲಿಂಗ್ ಬೀ ಆಟಕ್ಕಾದರೆ ಸರಿಯಾಗಿ ಹೊಂದುತ್ತದೆ, ಅಲ್ಲಿ ಕೊಟ್ಟ ಏಳು ಅಕ್ಷರಗಳನ್ನು ಎಷ್ಟು ಸಲವಾದರೂ ಬಳಸಬಹುದು. ನಡುವಿನ ಅಕ್ಷರ ಇರಲೇಬೇಕು, ಪದ ಕನಿಷ್ಠ 4 ಅಕ್ಷರದ್ದಾಗಿರಬೇಕು, ಅಷ್ಟೇ.

ದಿನಾ ಹುಡುಕುವವರು ಪದಪಟ್ಟಿಯನ್ನೇ ಇಳಿಸಿಕೊಳ್ಳುವುದು ಒಳ್ಳೆಯದು. ಎನೇಬಲ್ ಅನ್ನುವ ಪಟ್ಟಿ ಉಚಿತ, 1.7 ಲಕ್ಷಕ್ಕೂ ಹೆಚ್ಚು ಪದಗಳಿವೆ. ಎಕ್ಸೆಲ್‌ನಲ್ಲಿ ತೆರೆದು ಫಿಲ್ಟರ್ ಹಾಕಿ, ಅಲ್ಲೂ ಪ್ರಶ್ನಾರ್ಥಕ ಮತ್ತು ನಕ್ಷತ್ರ ಕೆಲಸ ಮಾಡುತ್ತವೆ. ಲಿನಕ್ಸ್ ಅಥವಾ ಮ್ಯಾಕ್ ಬಳಸುವವರು ಗ್ರೆಪ್ ಅನ್ನುವ ಹುಡುಕುವ ಕಮಾಂಡ್‌ನಲ್ಲಿ ಒಂದು ಅಕ್ಷರ ಹುಡುಕಿ, ಬಂದ ಫಲಿತಾಂಶವನ್ನು ಪೈಪ್ ಮಾಡಿ, ಅಂದರೆ ಮುಂದಿನ ಗ್ರೆಪ್‌ಗೆ ದಾಟಿಸಿ, ಇನ್ನೊಂದು ಅಕ್ಷರಕ್ಕೆ ಹುಡುಕಿದರೆ ಸಾಕು, ಉದ್ದದ ಪ್ಯಾಟರ್ನ್ ಬರೆಯುವ ತಲೆಬಿಸಿ ಬೇಡ.

ಇನ್ನೊಂದು ವಿಷಯ. ಪದ ಸಿಕ್ಕಿತು ಅಂದ ಮಾತ್ರಕ್ಕೆ ಆಟದಲ್ಲಿ ನಡೆಯುತ್ತದೆ ಅಂತೇನಿಲ್ಲ. ಸ್ಕ್ರ್ಯಾಬಲ್ ಟೂರ್ನಮೆಂಟ್‌ಗಳಿಗೆ ಅಮೆರಿಕ, ಕೆನಡಾದಲ್ಲಿ ಒಂದು ಪಟ್ಟಿ, ಹೊರಗೆ ಹೆಚ್ಚಿನ ಕಡೆ ಕಾಲಿನ್ಸ್ ಪಟ್ಟಿ. ಸಿ-ಎಚ್ ಅನ್ನುವ ಎರಡಕ್ಷರದ ಪದ ಕಾಲಿನ್ಸ್‌ನಲ್ಲಿ ಇದೆ, ಅಮೆರಿಕದ್ದರಲ್ಲಿ ಇಲ್ಲ. ಕ್ಯೂ-ಐ ಎರಡರಲ್ಲೂ ಇದೆ. 10 ಅಂಕದ ಕ್ಯೂ ಕೈಗೆ ಬಂದು ಯು ಬಾರದೆ ಸಿಕ್ಕಿಹಾಕಿಕೊಂಡಾಗ ಈ ಕ್ಯೂ-ಐ ಪದವನ್ನು ಇಳಿಸಿಬಿಡಿ.